ಮೂಳೆ ಮಜ್ಜೆಯ ಸ್ಲೈಡಿನಲ್ಲಿ ನೀಲಿ ಉಂಗುರ ಹುಡುಕುವುದು ಹೇಗೆ?

ಬಿ12 ಕೊರತೆ ಮತ್ತು ಎಂಡಿಎಸ್ (ಮಜ್ಜೆಯಲ್ಲಿ ರಕ್ತಕಣಗಳು ಸರಿಯಾಗಿ ಬೆಳೆಯದ ಕಾಯಿಲೆ), ಎರಡರಲ್ಲೂ ಸಾಮಾನ್ಯವಾಗಿ ಹಿಮೋಗ್ಲೋಬಿನ್ ಇಳಿದಿರುತ್ತದೆ, ಕೆಂಪು ಕಣ ಊದಿಕೊಂಡಿರುತ್ತದೆ, ಮಜ್ಜೆ ಕಣಗಳಿಂದ ಗಿಜಿಗುಡುತ್ತಿರುತ್ತದೆ. ಮೊದಲನೆಯದು ಬಿ12 ಇಂಜೆಕ್ಷನ್‌ಗೆ ವಾಸಿಯಾಗುತ್ತದೆ, ಎರಡನೆಯದು ಕೆಲವರಲ್ಲಿ ರಕ್ತದ ಕ್ಯಾನ್ಸರಿಗೆ ತಿರುಗುತ್ತದೆ. ಅದಲು ಬದಲಾದರೆ ರೋಗಿಯ ಗತಿ ಏನು ಹೇಳಿ?

ಮೊದಲು ಲೀಶ್‌ಮನ್ ಸ್ಟೈನ್ (ರಕ್ತಕಣಗಳಿಗೆ ಹಾಕುವ ಮಾಮೂಲಿ ಬಣ್ಣ) ಮಾಡಿ ನೋಡಿ. ದೈತ್ಯ ಮೆಟಾಮೈಲೋಸೈಟ್ (ಎಳೆ ಬಿಳಿ ಕಣ), ನ್ಯೂಕ್ಲಿಯಸ್‌ಗೆ ಆರೇಳು ಹಾಲೆ (ಭಾಗ) ಇರುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣ ಕಂಡರೆ ಬಿ12 ಕಡೆ ವಾಲಿ. ಎರಡೇ ಹಾಲೆಯ ನ್ಯೂಟ್ರೋಫಿಲ್, ಪುಟಾಣಿ ಮೆಗಾಕ್ಯಾರಿಯೋಸೈಟ್ (ಪ್ಲೇಟ್‌ಲೆಟ್ ತಯಾರಿಸುವ ಕಣ) ಕಂಡರೆ ಎಂಡಿಎಸ್ ಕಡೆ.

ಆಮೇಲೆ ಕಬ್ಬಿಣದ ಪರ್ಲ್ಸ್ ಸ್ಟೈನ್. ಇದರಲ್ಲಿ ಕಬ್ಬಿಣ ನೀಲಿ ಕಾಳಾಗಿ ಕಾಣುತ್ತದೆ, ಎಳೆ ಕೆಂಪು ಕಣದ ನ್ಯೂಕ್ಲಿಯಸ್ ಸುತ್ತ ಆ ಕಾಳು ಸಾಲುಗಟ್ಟಿದರೆ ಅದೇ ನೀಲಿ ಉಂಗುರ, ಎಂಡಿಎಸ್‌ನ ಒಂದು ಸುಳಿವು. ಹೆಚ್ಚಿನವರು ಎಡವುವುದು ಇಲ್ಲೇ. ಆಸ್ಪಿರೇಟ್ ಸ್ಮಿಯರನ್ನೇ (ಸೂಜಿಯಿಂದ ಹೀರಿದ ಮಜ್ಜೆಯನ್ನು ಸ್ಲೈಡ್ ಮೇಲೆ ಹರಡಿದ್ದು) ತೆಗೆದುಕೊಳ್ಳಿ, ಅದರಲ್ಲಿ ಮಜ್ಜೆಯ ತುಣುಕು ಇರಲೇಬೇಕು. ಮೂಳೆಯ ಬಯಾಪ್ಸಿಯನ್ನು ಆಸಿಡ್‌ನಲ್ಲಿ ಮೆತ್ತಗೆ ಮಾಡುವಾಗ ಕಬ್ಬಿಣವೂ ತೊಳೆದುಹೋಗುತ್ತದೆ, ಅದರಲ್ಲಿ 'ಕಬ್ಬಿಣ ಇಲ್ಲ' ಎಂದು ಬರೆದ ರಿಪೋರ್ಟ್‌ಗಳನ್ನು ನೋಡಿ ನನಗೆ ಸಾಕಾಗಿದೆ. ಶೇ 2ರ ಪೊಟ್ಯಾಸಿಯಂ ಫೆರೋಸಯನೈಡ್, ಶೇ 2ರ ಹೈಡ್ರೋಕ್ಲೋರಿಕ್ ಆಸಿಡ್, ಎರಡನ್ನೂ ಸಮ ಸಮ, ಸ್ಲೈಡ್ ಮೇಲೆ ಹಾಕುವ ಹೊತ್ತಿಗೇ ಬೆರೆಸಿ. ಬೆಳಿಗ್ಗೆ ಬೆರೆಸಿಟ್ಟದ್ದನ್ನು ಸಂಜೆ ಬಳಸಬೇಡಿ. ಫೆರೋಸಯನೈಡ್ ದ್ರಾವಣ ತಿಳಿ ಹಳದಿ ಇರಬೇಕು, ಹಸಿರು ತಿರುಗಿದ್ದರೆ ಸುಮ್ನೆ ಚೆಲ್ಲಿಬಿಡಿ. ನಲ್ಲಿ ನೀರಿನಲ್ಲೂ ಕಬ್ಬಿಣ ಇರುತ್ತದೆ ಅಲ್ವಾ, ದ್ರಾವಣಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ. ಸ್ಟೀಲ್ ಚಿಮುಟ ಅದರೊಳಗೆ ಅದ್ದಬೇಡಿ. ನಾನು 20 ನಿಮಿಷ ಬಿಡುತ್ತೇನೆ. ಕೊನೆಗೆ ಕೆಂಪು ಬಣ್ಣ ತೆಳ್ಳಗೆ ಕೊಡಿ, ಜಾಸ್ತಿಯಾದರೆ ನೀಲಿ ಕಾಳು ಮುಚ್ಚಿಹೋಗುತ್ತದೆ. ಜೊತೆಗೆ, ಕಬ್ಬಿಣ ಇದೆ ಎಂದು ಮೊದಲೇ ಗೊತ್ತಿರುವ ಒಂದು ಕಂಟ್ರೋಲ್ ಸ್ಲೈಡ್ ಪ್ರತಿ ಸಲವೂ ಇರಲಿ. ಸಮಯವಿಲ್ಲ ಎಂದು ಇದನ್ನು ಬಿಡುವವರೇ ಜಾಸ್ತಿ.

ಈಗ ಆಯಿಲ್ ಹಾಕಿ 100ರ ಲೆನ್ಸ್‌ನಲ್ಲಿ ನೋಡಿ. ನ್ಯೂಕ್ಲಿಯಸ್ ಸುತ್ತ ಕನಿಷ್ಠ 5 ನೀಲಿ ಕಾಳು, ಸುತ್ತಳತೆಯ ಮೂರನೇ ಒಂದು ಭಾಗವಾದರೂ ಆವರಿಸಿದ್ದರೆ ಅದು ಉಂಗುರ. ಅನುಮಾನ ಬಂದರೆ ಫೈನ್ ಫೋಕಸ್ ತಿರುಗಿಸಿ. ನಿಜವಾದ ಕಾಳು ನ್ಯೂಕ್ಲಿಯಸ್ ಜೊತೆಗೇ ಸ್ಪಷ್ಟವಾಗುತ್ತದೆ, ಬಣ್ಣದ ಕಸ ಕಣದ ಮೇಲೆ ಬೇರೆ ಮಟ್ಟದಲ್ಲಿ ತೇಲುತ್ತದೆ. ನ್ಯೂಕ್ಲಿಯಸ್ ಇರುವ 100 ಎಳೆ ಕೆಂಪು ಕಣ ಎಣಿಸಿ, ಅಂದಾಜು ಬೇಡ. 15 ಅಥವಾ ಜಾಸ್ತಿ ಉಂಗುರ ಸಿಕ್ಕರೆ ಎಂಡಿಎಸ್ ಅನುಮಾನ ಬಲವಾಗುತ್ತದೆ. ಎಸ್‌ಎಫ್‌3ಬಿ1 ಜೀನ್ ಬದಲಾಗಿದ್ದರೆ 5 ಇದ್ದರೂ ಲೆಕ್ಕಕ್ಕೆ ಬರುತ್ತದೆ.

ಆದರೂ ರಿಪೋರ್ಟ್‌ಗೆ ಸಹಿ ಹಾಕುವ ಮುಂಚೆ ರೋಗಿಯನ್ನು ಕೇಳಿಸಿ: ಕುಡಿಯುವ ಅಭ್ಯಾಸ ಇದೆಯಾ, ಕ್ಷಯಕ್ಕೆ ಐಸೋನಿಯಾಜಿಡ್ ಮಾತ್ರೆ ನಡೆಯುತ್ತಿದೆಯಾ? ಇವೂ ಇದೇ ನೀಲಿ ಉಂಗುರ ಮೂಡಿಸುತ್ತವೆ. ಬಿ12 ಮತ್ತು ಫೋಲೇಟ್ (ಇನ್ನೊಂದು ಬಿ ವಿಟಮಿನ್) ಪರೀಕ್ಷೆಯ ಫಲಿತಾಂಶ ಬರುವ ತನಕ ಎಂಡಿಎಸ್ ಎಂಬ ಪದವನ್ನು ನಾನಂತೂ ಬರೆಯುವುದಿಲ್ಲ.