ರಕ್ತದ ರಿಪೋರ್ಟಿನ ಉದ್ದ ಪದಗಳನ್ನು ಬಿಡಿಸಿ ಓದುವುದು ಹೇಗೆ?

ಸಾಗರ, ತೀರ್ಥಹಳ್ಳಿ ಕಡೆ ಮಂಗನ ಕಾಯಿಲೆಯ ಕಾಲದಲ್ಲಿ ಜ್ವರ ಬಂದವರ ರಿಪೋರ್ಟಿನಲ್ಲಿ ‘ಥ್ರಾಂಬೋಸೈಟೋಪೀನಿಯಾ’ ಎಂಬ ಪದ ಕಂಡರೆ ಮನೆಮಂದಿ ಗಾಬರಿಯಾಗುತ್ತಾರೆ. ನರ್ಸಿಂಗ್ ಓದುವ ಮಕ್ಕಳು ಅದನ್ನೇ ಉರು ಹೊಡೆಯುತ್ತಾರೆ. ಎರಡೂ ಬೇಕಿಲ್ಲ. ಗ್ರೀಕ್, ಲ್ಯಾಟಿನ್ ತುಂಡುಗಳು ಕೆಲವು ಗೊತ್ತಿದ್ದರೆ ಪದ ತಾನೇ ಬಿಚ್ಚಿಕೊಳ್ಳುತ್ತದೆ.

ಮೊದಲು ಬಾಲ ಹಿಡಿಯಿರಿ. ‘ಪೀನಿಯಾ’ ಎಂದರೆ ಗ್ರೀಕಿನಲ್ಲಿ ಬಡತನ, ಇಲ್ಲಿ ಕೊರತೆ. ಅದನ್ನು ತೆಗೆದಿಟ್ಟರೆ ‘ಸೈಟ್’ ಉಳಿಯುತ್ತದೆ. ಮೂಲ ‘ಕೈಟೋಸ್’, ಟೊಳ್ಳು ಪಾತ್ರೆ, ಜೀವಶಾಸ್ತ್ರದಲ್ಲಿ ಜೀವಕೋಶ. ಕೊನೆಗೆ ತಲೆ: ‘ಥ್ರಾಂಬೋಸ್’, ಹೆಪ್ಪು. ನಡುವಿನ ‘ಓ’ ಬರೀ ಬೆಸುಗೆ, ಅರ್ಥ ಹುಡುಕಬೇಡಿ. ಒಟ್ಟಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆ, ಸಾಮಾನ್ಯವಾಗಿ ಮೈಕ್ರೋಲೀಟರಿಗೆ 1.5 ಲಕ್ಷಕ್ಕಿಂತ ಕೆಳಗೆ. ‘ಲ್ಯೂಕೋಪೀನಿಯಾ’ ಕೂಡ ಹೀಗೇ: ‘ಲ್ಯೂಕೋಸ್’ ಬಿಳಿ, ಅಂದರೆ ಬಿಳಿ ರಕ್ತಕಣಗಳ ಕೊರತೆ. ಮಂಗನ ಕಾಯಿಲೆಯಲ್ಲಿ ಎರಡೂ ಇಳಿಯಬಹುದು. ಬಾಲ ‘ಓಸಿಸ್’ ಆದರೆ ಅರ್ಥ ತಿರುಗುತ್ತದೆ: ಲ್ಯೂಕೋಸೈಟೋಸಿಸ್ ಎಂದರೆ ಬಿಳಿ ಕಣ ಹೆಚ್ಚು.

ಹೆಸರಲ್ಲಿ ‘ಸೈಟ್’ ಇದ್ದ ಮಾತ್ರಕ್ಕೆ ಪ್ಲೇಟ್‌ಲೆಟ್ ಪೂರ್ಣ ಜೀವಕೋಶವಲ್ಲ. ಮೂಳೆಮಜ್ಜೆಯ ಮೆಗಾಕ್ಯಾರಿಯೋಸೈಟ್‌ನಿಂದ ಕಳಚಿಕೊಂಡ ಚೂರು ಅದು. ಈ ಪದವನ್ನೂ ಬಿಡಿಸಿ: ‘ಮೆಗಾ’ ದೊಡ್ಡ, ‘ಕ್ಯಾರಿಯಾನ್’ ಕಾಯಿಯೊಳಗಿನ ತಿರುಳು, ಇಲ್ಲಿ ಕೋಶಕೇಂದ್ರ. ಸ್ಲೈಡಿನಲ್ಲಿ ನೋಡಿದರೆ ಕೇಂದ್ರ ನಿಜಕ್ಕೂ ದೊಡ್ಡದು, ಹಲವು ಹಾಲೆಗಳಾಗಿ ಹರಡಿರುತ್ತದೆ.

ವಿದ್ಯಾರ್ಥಿಗಳು ಹೆಚ್ಚು ಎಡವುವುದು ಮೂಳೆಯ ಹತ್ತಿರ. ‘ಬ್ಲಾಸ್ಟ್’ ಕೇಳಿ ಸ್ಫೋಟ ಎಂದುಕೊಳ್ಳುತ್ತಾರೆ; ಗ್ರೀಕಿನಲ್ಲಿ ಅದು ಮೊಳಕೆ. ಆಸ್ಟಿಯೋಬ್ಲಾಸ್ಟ್ ಮೂಳೆ ಕಟ್ಟುತ್ತದೆ. ‘ಕ್ಲಾಸ್ಟ್’ ಒಡೆಯುವುದು, ಆಸ್ಟಿಯೋಕ್ಲಾಸ್ಟ್ ಮೂಳೆ ಕರಗಿಸುತ್ತದೆ. ಒಂದಕ್ಷರ ತಪ್ಪಿದರೆ ಉತ್ತರ ತಲೆಕೆಳಗು. ‘ಮಯೋ’, ‘ಮೈಲೋ’ ಸಹ ಹಾಗೆಯೇ: ಮಯೋಸೈಟ್ ಸ್ನಾಯುವಿನದು, ಮೈಲೋಸೈಟ್ ಮಜ್ಜೆಯದು.

‘ಫಿಲ್’ ಬಾಲ ಬಂದರೆ ಬಣ್ಣವನ್ನು ನೆನೆಯಿರಿ. ಅದರರ್ಥ ಪ್ರೀತಿಸುವುದು. ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣದೊಳಗಿನ ಸಣ್ಣ ಹರಳುಗಳು ಇಯೋಸಿನ್ ಎಂಬ ಆಮ್ಲೀಯ ಬಣ್ಣ ಹೀರಿ ಕಿತ್ತಳೆಗೆಂಪಾಗುತ್ತವೆ. ಇನ್ನೊಂದು ಬಿಳಿ ರಕ್ತಕಣವಾದ ಬೇಸೋಫಿಲ್‌ನವು ಪ್ರತ್ಯಾಮ್ಲೀಯ ಬಣ್ಣ ಹಿಡಿದು ಕಡುನೀಲಿ.

ಎಲ್ಲ ತುಂಡೂ ಗ್ರೀಕ್ ಅಲ್ಲ. ರೆಟಿಕ್ಯುಲೋಸೈಟ್‌ನ ತಲೆ ಲ್ಯಾಟಿನ್, ‘ರೆಟಿಕ್ಯುಲಮ್’ ಅಂದರೆ ಸಣ್ಣ ಬಲೆ. ಎಳೆಯ ಕೆಂಪು ರಕ್ತಕಣದ ಆ ಬಲೆ ಮಾಮೂಲಿ ಬಣ್ಣ ಹಾಕಿದರೆ ಕಾಣದು. ನ್ಯೂ ಮೆಥಿಲೀನ್ ಬ್ಲೂನಂಥ ವಿಶೇಷ ಬಣ್ಣ ಬೆರೆಸಿಯೇ ನೋಡಬೇಕು.