ಮನುಷ್ಯಮುಖದ ಮೀನನ್ನು ಸಾಕುವ ಕ್ರಮ

ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಎಂಬ ವಿಡಿಯೋ ಗೇಮ್ ಯಂತ್ರಕ್ಕಾಗಿ 1999ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಸೀಮನ್’ ಆಟದಲ್ಲಿ, ಮನುಷ್ಯನ ಮುಖವುಳ್ಳ ಮಾತನಾಡುವ ಮೀನನ್ನು ಗಾಜಿನ ತೊಟ್ಟಿಯಲ್ಲಿ ಸಾಕಬೇಕು. ಆರಂಭದಲ್ಲಿ ತೊಟ್ಟಿಯ ನೀರು ತಣ್ಣಗಿರುವುದರಿಂದ, ಮೊದಲು ಹೀಟರಿನಿಂದ ಅದನ್ನು ಬೆಚ್ಚಗಾಗಿಸಿ, ಆಮ್ಲಜನಕವನ್ನು ಹೆಚ್ಚಿಸಿ, ಆಮೇಲೆ ಮೊಟ್ಟೆಯನ್ನು ಬಿಡಿ. ಮೊಟ್ಟೆಯಿಂದ ಹೊರಬಂದ ಮರಿಗಳನ್ನು ತೊಟ್ಟಿಯಲ್ಲಿರುವ ನಾಟಿಲಸ್ ಎಂಬ ಚಿಪ್ಪುಳ್ಳ ಸಮುದ್ರಜೀವಿ ನುಂಗುತ್ತದೆ. ನೋಡಲು ಕಠೋರವೆನಿಸಿದರೂ ಇದು ಅವುಗಳ ಬೆಳವಣಿಗೆಯ ಸಹಜ ಹಂತವಾದ್ದರಿಂದ ಗಾಬರಿಪಡಬೇಕಿಲ್ಲ.

ನಾಟಿಲಸ್‌ನ ದೇಹದಿಂದ ಹೊರಬಂದು, ಮುಖ ಮೂಡಿದ ಮೀನುಗಳು ಈಜತೊಡಗಿದ ಮೇಲೆ ನಿಜವಾದ ಆರೈಕೆ ಆರಂಭವಾಗುತ್ತದೆ. ಆಟದ ಕಾಲವು ಯಂತ್ರದ ಗಡಿಯಾರದೊಂದಿಗೇ ಸಾಗುವುದರಿಂದ, ನೀವು ಆಡದ ದಿನಗಳಲ್ಲೂ ಮೀನಿಗೆ ಹಸಿವಾಗುತ್ತದೆ, ನೀರು ತಣ್ಣಗಾಗುತ್ತದೆ. ಆದಕಾರಣ ದಿನಕ್ಕೊಮ್ಮೆಯಾದರೂ ತೊಟ್ಟಿಯನ್ನು ನೋಡುವುದು ಅನಿವಾರ್ಯ. ಮುಂದೆ ಆಹಾರವಾಗಿ ಬೇಕಾಗುವ ಹುಳುಗಳನ್ನು ಪ್ರತ್ಯೇಕ ಗೂಡಿನಲ್ಲಿ ಬೆಳೆಸಬೇಕು. ಆ ಗೂಡಿಗೆ ತಪ್ಪದೆ ನೀರು ಚಿಮುಕಿಸಿ, ಎಲ್ಲ ಹುಳುಗಳನ್ನೂ ಮೀನಿಗೆ ಹಾಕಿಬಿಡದೆ, ಕೆಲವನ್ನಾದರೂ ಪತಂಗಗಳಾಗಿ ಮೊಟ್ಟೆಯಿಡುವವರೆಗೆ ಉಳಿಸಿಕೊಳ್ಳಿ. ಈ ಒಂದು ಎಚ್ಚರಿಕೆ ತಪ್ಪಿದರೆ ಉಳಿದೆಲ್ಲ ಶ್ರಮವೂ ವ್ಯರ್ಥವಾಗಬಹುದು.

ಮೈಕ್ರೋಫೋನಿನ ಮೂಲಕ ಮೀನಿನೊಡನೆ ಪ್ರತಿದಿನ ಮಾತನಾಡಿ. ಮೊದಮೊದಲು ತೊದಲುವ ಅದು ಕ್ರಮೇಣ ನಿಮ್ಮ ವಯಸ್ಸು, ಕೆಲಸಗಳನ್ನು ವಿಚಾರಿಸುತ್ತದೆ, ಕೆಲವೊಮ್ಮೆ ಒರಟಾಗಿಯೂ ನುಡಿಯುತ್ತದೆ. ಆ ಒರಟುತನಕ್ಕೆ ಬೇಸರಪಡದೆ ಚಿಕ್ಕ, ಸ್ಪಷ್ಟ ವಾಕ್ಯಗಳಲ್ಲಿ ಉತ್ತರಿಸಿ. ಈ ಸಂಭಾಷಣೆಯೇ ಆಟದ ಅತ್ಯಂತ ಶ್ರೇಷ್ಠ ಭಾಗವೆಂಬುದು ನನ್ನ ದೃಢವಾದ ಅಭಿಪ್ರಾಯ. ಕೊನೆಯ ಹಂತಗಳಲ್ಲಿ ಅದು ಕಪ್ಪೆಯಂತೆ ನೆಲಕ್ಕೇರಬೇಕಾಗುವುದರಿಂದ, ತೊಟ್ಟಿಯ ನೀರನ್ನು ಇಳಿಸಿ ನೆಲವನ್ನು ಒದಗಿಸಿಕೊಡಿ.