ಹಲ್ಲು ಬೆಳ್ಳಗಾಗಲಿ, ಸವೆಯದಿರಲಿ

ಮದುವೆ ಸೀಸನ್ ಶುರುವಾದರೆ ಸಾಕು, ಹಲ್ಲು ಬೆಳ್ಳಗಾಗಿಸುವ ಮನೆಮದ್ದುಗಳು ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡತೊಡಗುತ್ತವೆ. ಕೆಲವು ನಿಜಕ್ಕೂ ಕೆಲಸಕ್ಕೆ ಬರುತ್ತವೆ, ಕೆಲವು ಹಲ್ಲನ್ನೇ ಕರಗಿಸುತ್ತವೆ. ಎರಡೂ ಅಡುಗೆಮನೆಯ ಸಾಮಾನೇ ಆದ್ದರಿಂದ ಯಾವುದು ಯಾವುದೆಂದು ತಿಳಿದು ಕೈಹಾಕಬೇಕು.

ಮೊದಲು ಹಲ್ಲು ನೋಡಿಕೊಳ್ಳಿ. ಬೆಳಗಿನ ಬೆಳಕು ಬೀಳುವ ಕಿಟಕಿಯ ಬಳಿ ಕನ್ನಡಿ ಹಿಡಿದು, ಹಲ್ಲಿನ ಪಸೆಯನ್ನು ಹತ್ತಿಯಿಂದ ಒರೆಸಿ. ಹಲ್ಲಿನ ಸಂದಿಯಲ್ಲಿ, ಒಸಡಿನ ಅಂಚಿನಲ್ಲಿ ಕಂದು ಗೆರೆ ಕಂಡರೆ ಅದು ಸಾಮಾನ್ಯವಾಗಿ ಕಾಫಿ, ಟೀ ಅಥವಾ ಎಲೆ-ಅಡಿಕೆಯ ಕರೆ. ದರ್ಶಿನಿಯಲ್ಲಿ ನಿಂತು ಬೈಟು ಕಾಫಿ ಹೀರುವ ಬೆಂಗಳೂರಿಗರಿಗೆ ಇದು ಮಾಮೂಲು, ಮನೆಯಲ್ಲೇ ತಿಳಿಯಾಗಿಸಬಹುದು. ಉಗುರಿಗೆ ಗರಗರ ಸಿಗುವ ಗಟ್ಟಿ ಪದರವಿದ್ದರೆ ಅದು ಕಿಟ್ಟ. ಅದನ್ನು ದಂತವೈದ್ಯರೇ ಉಪಕರಣದಿಂದ ಕೆರೆದು ತೆಗೆಯಬೇಕು (ಸ್ಕೇಲಿಂಗ್). ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದು ಬೆಂಗಳೂರಿಗೆ ಬಂದವರ ಹಲ್ಲಿನ ಬಿಳಿ ಮಚ್ಚೆ, ಕಂದು ಪಟ್ಟೆಗಳ ಹಿಂದೆ ಹೆಚ್ಚಾಗಿ ಇರುವುದು ಆ ನೀರಿನಲ್ಲಿನ ಅತಿಯಾದ ಫ್ಲೋರೈಡ್. ಬಾಲ್ಯದಲ್ಲಿ ಹಲ್ಲು ರೂಪುಗೊಳ್ಳುವಾಗಲೇ ಸೇರಿಕೊಂಡ ಬಣ್ಣವದು, ಮನೆಯಲ್ಲಿ ಎಷ್ಟು ಉಜ್ಜಿದರೂ ಹೋಗದು. ಅಂಥವರು ದಯವಿಟ್ಟು ಉಜ್ಜಿ ಉಜ್ಜಿ ಒಸಡು ಹಾಳುಮಾಡಿಕೊಳ್ಳಬೇಡಿ.

ಕಾಫಿ ಕರೆಗೆ ನಂಬಬಹುದಾದ ಸಾಮಾನು ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ, ಬಟ್ಟೆಯ ವಾಷಿಂಗ್ ಸೋಡಾ ಅಂತೂ ಅಲ್ಲವೇ ಅಲ್ಲ. ಕಾಲು ಟೀ ಚಮಚ ಸೋಡಾಕ್ಕೆ ಕೆಲವು ಹನಿ ನೀರು ಬೆರೆಸಿ ದೋಸೆಹಿಟ್ಟಿನ ಹದಕ್ಕೆ ತನ್ನಿ. ಮೆತ್ತನೆಯ ಬ್ರಷ್ಷಿನಲ್ಲಿ ಅದ್ದಿ, ಒತ್ತದೆ, ಸಣ್ಣ ಸುತ್ತಿನಲ್ಲಿ ಒಂದೆರಡು ನಿಮಿಷ ಆಡಿಸಿ ಉಗಿಯಿರಿ. ಬಾಯೆಲ್ಲ ಉಪ್ಪುಪ್ಪಾಗುತ್ತದೆ, ಚೆನ್ನಾಗಿ ಮುಕ್ಕಳಿಸಿ. ವಾರಕ್ಕೆ ಒಂದೆರಡು ಸಲ ಸಾಕು. ಇದರಲ್ಲಿ ಹುಳುಕು ತಡೆಯುವ ಫ್ಲೋರೈಡ್ ಇಲ್ಲದ್ದರಿಂದ ದಿನಕ್ಕೆರಡು ಸಲದ ಪೇಸ್ಟ್ ಬಿಡುವಂತಿಲ್ಲ.

ಈ ಸೋಡಾಕ್ಕೆ ನಿಂಬೆರಸ ಹಿಂಡಿ ಎಂದು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಬುಸ್ಸೆಂದು ಏಳುವ ನೊರೆ ಬರೀ ಇಂಗಾಲದ ಡೈಆಕ್ಸೈಡ್, ಅದು ಕರೆಯನ್ನು ಕೀಳುವುದಿಲ್ಲ. ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು. ಆದರೂ ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಕರಗಲು ಶುರುವಾಗುತ್ತದೆ. ನಿಂಬೆರಸದ ಪಿಎಚ್ ಸುಮಾರು 2ರಿಂದ 3. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗಿರುವ ಡೆಂಟಿನ್ ಪದರವೇ ಹಳದಿ ಬಣ್ಣದ್ದು. ಹಾಗಾಗಿ ನಿಂಬೆ ಉಜ್ಜುತ್ತ ಹೋದವರ ಹಲ್ಲು ಕಾಲಕ್ರಮೇಣ ಇನ್ನೂ ಹಳದಿಯಾಗುತ್ತದೆ, ಐಸ್‌ಕ್ರೀಂ ತಗುಲಿದರೆ ಜುಮ್ಮೆನ್ನುತ್ತದೆ. ಲಾಲ್‌ಬಾಗಿನಲ್ಲಿ ವಾಕ್ ಮುಗಿಸಿ ನಿಂಬೆ-ಜೇನು ನೀರು ಕುಡಿಯುವವರೂ ಕೂಡಲೇ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಅರ್ಧ ಗಂಟೆಯಾದರೂ ಬ್ರಷ್ ಮುಟ್ಟಬೇಡಿ, ಹುಳಿಗೆ ಮೆತ್ತಗಾದ ಪದರ ಉಜ್ಜಿದರೆ ಕಿತ್ತು ಬರುತ್ತದೆ.

ಇದ್ದಿಲ ಪುಡಿ, ಹರಳುಪ್ಪು, ಇಟ್ಟಿಗೆ ಪುಡಿ ಒರಟು, ಬೇಡ. ಕೊಬ್ಬರಿ ಎಣ್ಣೆ ಮುಕ್ಕಳಿಸಿ ಉಗಿದರೆ ಹಾನಿಯಿಲ್ಲ, ಆದರೆ ಬಿಳುಪು ಬರುತ್ತದೆಂದು ಕಾಯಬೇಡಿ. ಬಾಳೆಸಿಪ್ಪೆಯಿಂದಲೂ ಅಷ್ಟೇ.

ಕರೆ ಮತ್ತೆ ಕೂರದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಒಂದು ಲೋಟ ಕಾಫಿಯನ್ನು ಗಂಟೆಗಟ್ಟಲೆ ಗುಟುಕರಿಸಬೇಡಿ, ಕುಡಿದು ಮುಗಿಸಿ ಒಂದು ಗುಟುಕು ನೀರಿನಲ್ಲಿ ಬಾಯಿ ತೊಳೆಯಿರಿ. ಅಡಿಕೆ, ಗುಟ್ಕಾ ಬಿಡಿ. ಅಡಿಕೆ ಅಗಿಯುವುದು ಬಾಯಿ ಕ್ಯಾನ್ಸರಿಗೂ ದಾರಿ.

ಒಸಡಿನಲ್ಲಿ ರಕ್ತ ಬರುತ್ತಿದ್ದರೆ, ಹಲ್ಲು ಜುಮ್ಮೆನ್ನುತ್ತಿದ್ದರೆ, ಹುಳುಕಿದ್ದರೆ ಸೋಡಾ ಪ್ರಯೋಗವೂ ಬೇಡ. ಮಕ್ಕಳಿಗೆ ಮೊದಲೇ ಬೇಡ. ಕ್ಯಾಪ್ ಹಾಕಿಸಿದ ಹಲ್ಲಿನ ಮೂಲ ಬಣ್ಣ ಯಾವ ಮದ್ದಿಗೂ ಬದಲಾಗುವುದಿಲ್ಲ. ಒಂದೇ ಹಲ್ಲು ಬೂದು ಬಣ್ಣಕ್ಕೆ ತಿರುಗಿದ್ದರೆ ಒಳಗಿನ ನರ ಸತ್ತಿರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ. ಖಾಸಗಿ ಕ್ಲಿನಿಕ್ಕಿನ ಖರ್ಚು ಭಾರವೆನಿಸಿದರೆ ಬೆಂಗಳೂರಿನ ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರವೇ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ.